ಕೆಂಪುಗೆರೆಯಮ್ಮನ ಹಾಜರಿ

ವಿಶ್ವವಿದ್ಯಾಲಯದ ಅಧ್ಯಾಪಕರ ತರಬೇತಿ ಕೇಂದ್ರಕ್ಕೆ ಬಂದು ಹೋದ ಮೇಷ್ಟ್ರುಗಳನ್ನು ಕೇಳಿ ನೋಡಿ. ಅಲ್ಲಿ ಯಾರು ಯಾವ ವಿಷಯದ ಮೇಲೆ ಮಾತಾಡಿದರು ಎಂಬುದು ಒಬ್ಬರಿಗೂ ನೆನಪಿರುವುದಿಲ್ಲ. ಕೆಂಪುಗೆರೆಯಮ್ಮ ಮಾತ್ರ ಎಲ್ಲರಿಗೂ ನೆನಪಿದ್ದಾಳೆ. ಆಕೆ ಪಾಠ ಮಾಡುವವಳಲ್ಲ. ಕೇಂದ್ರದ ಕಚೇರಿಯಲ್ಲಿ ಹಿರಿಯ ಗುಮಾಸ್ತೆ. ಹಾಜರಿ ಪುಸ್ತಕ ಆಕೆಯ ಕೈಯಲ್ಲಿತ್ತು, ಆದ್ದರಿಂದ ಎಲ್ಲರ ಜುಟ್ಟೂ ಆಕೆಯ ಕೈಯಲ್ಲಿತ್ತು.

ಕಾಲೇಜು ಮೇಷ್ಟ್ರುಗಳೆಂದರೆ ನಾವೆಲ್ಲ ಏನೋ ಎಂತೋ ಅಂದುಕೊಂಡಿರುತ್ತೇವೆ. ತಮ್ಮ ತರಗತಿಗೆ ಐದು ನಿಮಿಷ ತಡವಾಗಿ ಬಂದವರನ್ನು ಬಾಗಿಲ ಹೊರಗೇ ನಿಲ್ಲಿಸುವ ಈ ಜನವನ್ನು ಒಂದು ಸಲ ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಇನ್ನೊಬ್ಬರನ್ನು ಪಾಠಕ್ಕೆ ನಿಲ್ಲಿಸಿ ನೋಡಬೇಕು. ಹಿಂದಿನ ಸಾಲಿಗೆ ನುಗ್ಗಾಟ. ಮೇಜಿನ ಕೆಳಗೆ ಫೋನು. ಮೊದಲೆಲ್ಲ ಬೆಳಿಗ್ಗೆ ಒಂದು ಸಹಿ ಗೀಚಿ ಹಿಂಬಾಗಿಲಿನಿಂದ ಜಾರಿಕೊಂಡವರು ಊಟದ ಹೊತ್ತಿಗೆ ಸರಿಯಾಗಿ ಪ್ರತ್ಯಕ್ಷರಾಗುತ್ತಿದ್ದರು. ಇದನ್ನು ನೋಡಿ ನೋಡಿ ಸಾಕಾಗಿ ಆಕೆ ಎರಡು ಉಪಾಯ ಹೂಡಿದಳು. ಅವಧಿ ಶುರುವಾಗಿ ಹತ್ತು ನಿಮಿಷಕ್ಕೆ ಸರಿಯಾಗಿ, ಸಹಿ ಇಲ್ಲದ ಜಾಗಕ್ಕೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆದುಬಿಡುವುದು ಒಂದು. ಹೆಸರು ಬಂದದ್ದು ಅದರಿಂದ. ಅವಧಿ ಮುಗಿದಾಗ ಇನ್ನೊಂದು ಸಹಿ ಹಾಕಿಸಿಕೊಳ್ಳುವುದು ಎರಡನೆಯದು. ಬಂದ ಸಹಿ ಇದ್ದು ಹೋಗುವ ಸಹಿ ಇಲ್ಲದಿದ್ದರೆ ಅವರು ಬಂದೇ ಇಲ್ಲವೆಂದು ಲೆಕ್ಕ. ಐದು ದಿನಕ್ಕೆ ಹತ್ತು ಅವಧಿ. ಎಂಟು ಪೂರ್ತಿಯಾಗದವರಿಗೆ ಪ್ರಮಾಣಪತ್ರ ಇಲ್ಲ. ಪ್ರಮಾಣಪತ್ರ ಇಲ್ಲದವರಿಗೆ ಬಡ್ತಿ ಇಲ್ಲ.

ಅಂಗಲಾಚಿದವರು ಎಷ್ಟು ಜನ! ಜ್ವರ ಬಂದವರು, ಬಸ್ಸು ತಪ್ಪಿದವರು, ಮಗುವನ್ನು ಶಾಲೆಯಿಂದ ಕರೆತರಬೇಕಿದ್ದವರು, ಬರೀ ಸುಳ್ಳು ಹೇಳಿದವರು. ಯಾರದು ನಿಜ ಯಾರದು ಸುಳ್ಳು ಎಂದು ವಿಚಾರಿಸಲು ಹೋದರೆ ಕೆಲಸ ಕೆಟ್ಟಿತು ಎಂದು ಆಕೆ ವಿಚಾರಿಸುವುದನ್ನೇ ಬಿಟ್ಟಿದ್ದಳು. “ನನ್ನ ಕೈಲೇನಿದೆ ಸಾರ್, ಪುಸ್ತಕ ಏನು ಹೇಳುತ್ತೋ ಅದು” ಎಂದು ಕನ್ನಡಕ ಸರಿಮಾಡಿಕೊಂಡರೆ ಅಲ್ಲಿಗೆ ಮಾತು ಮುಗಿಯಿತು. ಕಟುಕಿ ಅಂತ ಬೈದುಕೊಂಡು ಹೋದವರೂ ಇದ್ದರು. ನನ್ನನ್ನು ಕೇಳಿದರೆ, ಮುಲಾಜಿಗೆ ಬೀಳದೆ ಇಪ್ಪತ್ತೆರಡು ವರ್ಷ ಒಂದು ಪುಸ್ತಕ ಇಡುವುದು ಸಾಮಾನ್ಯ ಮಾತಲ್ಲ.

ಇಪ್ಪತ್ತೆರಡು ವರ್ಷದಲ್ಲಿ ಆ ಸಭಾಂಗಣದಲ್ಲಿ ನಡೆದ ಪಾಠಗಳಿಗೆ ಲೆಕ್ಕವಿಲ್ಲ. ಎಲ್ಲದರ ಶುರುವಾತೂ ಆಕೆಗೆ ಗೊತ್ತು, ಎಲ್ಲದರ ವಂದನಾರ್ಪಣೆಯೂ ಗೊತ್ತು. ನಡುವೆ ಏನು ಹೇಳಿದರು ಎಂಬುದು ಮಾತ್ರ ಗೊತ್ತಿಲ್ಲ. ನಡುವಿನ ಹೊತ್ತಿನಲ್ಲಿ ಚಹಾಕ್ಕೆ ಹೇಳಬೇಕು, ನೀರಿನ ಹೂಜಿ ತುಂಬಿಸಬೇಕು, ಮಧ್ಯಾಹ್ನ ಮಾತಾಡುವವರಿಗೆ ಫೋನು ಮಾಡಬೇಕು. ಕೆಲವು ಸಲ ಕೈಯಲ್ಲಿ ಕಡತ ಹಿಡಿದು ಬಾಗಿಲ ಹತ್ತಿರ ನಿಂತು ಒಂದೆರಡು ಮಾತು ಕೇಳಿಸಿಕೊಳ್ಳುತ್ತಿದ್ದಳು. ಚೆನ್ನಾಗಿರುತ್ತಿತ್ತು. ಅಷ್ಟರಲ್ಲಿ ಯಾರಾದರೂ ಕರೆಯುತ್ತಿದ್ದರು.

ಕರೆಯುವವರು ಹೆಚ್ಚಾಗಿ ನಿರ್ದೇಶಕರೇ. ಕೆಟ್ಟ ಮನುಷ್ಯರಲ್ಲ, ಎದುರಿಗಿರುವ ವಸ್ತು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ ಅಷ್ಟೆ. “ರೀ, ಒಂದು ನಿಮಿಷ ಬನ್ನಿ” ಅನ್ನುವರು. ಅವರ ಒಂದು ನಿಮಿಷ ಎಂದರೆ ಕಡಿಮೆಯೆಂದರೆ ಮುಕ್ಕಾಲು ಗಂಟೆ.

ಆ ವರ್ಷ ಕಚೇರಿಯ ಸೂಪರಿಂಟೆಂಡೆಂಟ್ ನಿವೃತ್ತರಾಗುವವರಿದ್ದರು. ಹಿರಿತನದ ಪಟ್ಟಿಯಲ್ಲಿ ಮುಂದಿನ ಹೆಸರು ಕೆಂಪುಗೆರೆಯಮ್ಮನದು. ಆಕೆಯ ನಂತರ ಉಗ್ರಾಣದ ಗುಮಾಸ್ತ. ಆಕೆಗೆ ಇನ್ನು ನಾಲ್ಕು ವರ್ಷ ಸೇವೆ ಉಳಿದಿತ್ತು. ಈ ಸಲ ತಪ್ಪಿದರೆ ಆ ಕುರ್ಚಿ ಮತ್ತೆ ಖಾಲಿಯಾಗುವ ಹೊತ್ತಿಗೆ ಆಕೆ ಮನೆಯಲ್ಲಿರುತ್ತಾಳೆ. ಸರಿಯಾಗಿ ಅದೇ ಸಮಯಕ್ಕೆ ಕುಲಸಚಿವರ ಸುತ್ತೋಲೆ ಬಂತು: ಇನ್ನು ಮುಂದೆ ಕಚೇರಿ ಸಿಬ್ಬಂದಿಗೂ ಐದು ದಿನದ ತರಬೇತಿ ಕಡ್ಡಾಯ, ತಿಂಗಳ ಕೊನೆಯೊಳಗೆ ಪ್ರಮಾಣಪತ್ರ ಸಲ್ಲಿಸದವರ ಹೆಸರನ್ನು ಬಡ್ತಿಗೆ ಪರಿಗಣಿಸುವುದಿಲ್ಲ. ಸಾವಿರಾರು ಜನಕ್ಕೆ ತನ್ನ ಮುದ್ದಾದ ಅಕ್ಷರದಲ್ಲಿ ಪ್ರಮಾಣಪತ್ರ ಬರೆದುಕೊಟ್ಟವಳ ಹತ್ತಿರ ತನ್ನದು ಎಂಬುದು ಒಂದೂ ಇರಲಿಲ್ಲ.

ಆ ತಿಂಗಳಲ್ಲಿ ಉಳಿದಿದ್ದದ್ದು ಒಂದೇ ತಂಡ. ನಲವತ್ತು ಅಧ್ಯಾಪಕರ ಪಟ್ಟಿ ಆಗಲೇ ತುಂಬಿತ್ತು. ನಿರ್ದೇಶಕರು ಹೇಳಿದರು: “ನಲವತ್ತೊಂದು ಅಂತ ನಿಮ್ಮ ಹೆಸರು ಸೇರಿಸ್ಕೊಳ್ಳಿ. ಐದು ದಿನ ನಿಶ್ಚಿಂತೆಯಿಂದ ಕೂತ್ಕೊಳ್ಳಿ. ಉಳಿದದ್ದು ನಾನು ನೋಡ್ಕೋತೀನಿ.”

ಅವರು ನೋಡಿಕೊಳ್ಳುತ್ತೇನೆ ಎಂದಾಗಲೇ ಆಕೆಗೆ ಅನುಮಾನ ಬರಬೇಕಿತ್ತು. ಆದರೆ ಆಕೆ ಖುಷಿಯಲ್ಲಿದ್ದಳು. ಸಂಜೆ ಮನೆಗೆ ಬರುವಾಗ ಅಂಗಡಿಯಲ್ಲಿ ಒಂದು ಗೆರೆ ಹಾಕಿದ ನೋಟುಪುಸ್ತಕ ಕೊಂಡಳು. ಅದಕ್ಕೆ ರಟ್ಟು ಹಾಕುತ್ತ ಕೂತದ್ದನ್ನು ನೋಡಿ ಅತ್ತೆ ಬಾಯಿಬಿಟ್ಟು ನಕ್ಕರು. ಎಂಬತ್ತು ದಾಟಿದ ಅತ್ತೆಗೆ ಕಣ್ಣು ಮಂಜು, ಕಾಲು ನೋವು, ನಾಲಿಗೆ ಮಾತ್ರ ಗಟ್ಟಿಮುಟ್ಟು.

“ಏನೇ, ಶಾಲೆಗೆ ಸೇರ್ಕೊಂಡ್ಯಾ?”

“ಹೂಂ ಅತ್ತೆ. ಐದು ದಿನದ ಶಾಲೆ.”

“ದಿನಾ ಬಂದು ನಂಗೆ ಪಾಠ ಒಪ್ಪಿಸ್ಬೇಕು, ಹಾಂ. ಇಲ್ಲಾಂದ್ರೆ ಹೆಂಗೆ ಗೊತ್ತಾಗುತ್ತೆ ನೀನು ಹೋಗಿದ್ದೆ ಅಂತ?”

ಸೋಮವಾರ ಬೆಳಿಗ್ಗೆ ಆಕೆ ಎರಡನೆಯ ಸಾಲಿನಲ್ಲಿ ಕೂತಳು. ಅದೇ ಸಭಾಂಗಣ, ಅದೇ ಕಿರುಗುಟ್ಟುವ ಬಾಗಿಲು. ಕೂತು ನೋಡಿದರೆ ಕೋಣೆಯೇ ಬೇರೆ ಅನ್ನಿಸಿತು. ಹಾಜರಿ ಪುಸ್ತಕ ಮಾತ್ರ ಆಕೆಯ ತೊಡೆಯ ಮೇಲೇ ಇತ್ತು, ಏಕೆಂದರೆ ಅದನ್ನು ಬೇರೆಯವರ ಕೈಗೆ ಕೊಡಲು ಆಕೆಗೇ ಮನಸ್ಸು ಬರಲಿಲ್ಲ. ಪಾಠಕ್ಕೆ ಬಂದಿದ್ದ ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕಿ ಸಣ್ಣ ದನಿಯ ಹೆಂಗಸು. “ಚಿಕ್ಕವರಿಗಿಂತ ದೊಡ್ಡವರಿಗೆ ಕಲಿಸೋದು ಕಷ್ಟ. ಯಾಕೆ ಅಂದ್ರೆ…” ಎಂದು ಆರಂಭಿಸಿದರು. ಕೆಂಪುಗೆರೆಯಮ್ಮ ಪೆನ್ನು ತೆರೆದು ‘ಯಾಕೆ’ ಎಂದು ಬರೆದುಕೊಂಡಳು.

ಬಾಗಿಲು ಕಿರುಗುಟ್ಟಿತು. “ರೀ, ಒಂದು ನಿಮಿಷ ಬನ್ನಿ.”

ಮಧ್ಯಾಹ್ನ ಬರಬೇಕಾದ ಅತಿಥಿಗಳ ಕಾರು ಬೆಳಿಗ್ಗೆಯೇ ಬಂದು ಬೇರೆ ಕಟ್ಟಡದ ಮುಂದೆ ಹೋಗಿ ನಿಂತಿತ್ತಂತೆ. ಹುಡುಕಿ, ಕರೆತಂದು, ಕೂರಿಸಿ, ನೀರು ಕೊಟ್ಟು ಬರುವಷ್ಟರಲ್ಲಿ ಬೆಳಗಿನ ಅವಧಿ ಮುಗಿದು ಎಲ್ಲರೂ ಊಟಕ್ಕೆ ಎದ್ದಿದ್ದರು. ಆಕೆ ಬಾಗಿಲಲ್ಲಿ ನಿಂತು ನಲವತ್ತು ಜನರ ಹೋಗುವ ಸಹಿ ಹಾಕಿಸಿಕೊಂಡಳು.

ಸಂಜೆ ಅತ್ತೆ ಕಾಯುತ್ತಿದ್ದರು. “ಹೇಳು, ಏನು ಕಲಿಸಿದ್ರು?”

“ಚಿಕ್ಕವರಿಗಿಂತ ದೊಡ್ಡವರಿಗೆ ಕಲಿಸೋದು ಕಷ್ಟವಂತೆ ಅತ್ತೆ.”

“ಯಾಕಂತೆ?”

“ಗೊತ್ತಿಲ್ಲ. ಅಷ್ಟರಲ್ಲಿ ಸಾಹೇಬ್ರು ಕರೆದ್ರು.”

ಅತ್ತೆ ದೊಡ್ಡದಾಗಿ ನಿಟ್ಟುಸಿರು ಬಿಟ್ಟರು. “ಅದೂ ಒಂದು ಉತ್ತರಾನೇ ಬಿಡು. ದೊಡ್ಡೋರಿಗೆ ಕೂರೋಕೆ ಯಾರು ಬಿಡ್ತಾರೆ?”

ಮಂಗಳವಾರ ಮಧ್ಯಾಹ್ನ ಪ್ರೊಜೆಕ್ಟರು ಕೈಕೊಟ್ಟಿತು. ನಿರ್ದೇಶಕರು ತಂತಿಗಳ ನಡುವೆ ಬೆವರುತ್ತ ನಿಂತದ್ದನ್ನು ನೋಡಲಾಗದೆ ಆಕೆಯೇ ಎದ್ದಳು. ಗಣಕ ವಿಭಾಗದಿಂದ ಇನ್ನೊಂದನ್ನು ಕೇಳಿ ತರಲು ಮೂರು ಮಹಡಿ ಹತ್ತಿ ಇಳಿಯಬೇಕಾಯಿತು, ಅಲ್ಲಿನವರು ಪತ್ರ ಬೇಕು ಎಂದರು, ಪತ್ರ ಟೈಪು ಮಾಡಿದಳು. ಗುರುವಾರ ಬೆಳಿಗ್ಗೆ ನಿರ್ದೇಶಕರು ತಮ್ಮ ಸಮಾರೋಪ ಭಾಷಣದ ಹಾಳೆ ಕಳೆದುಕೊಂಡರು. ಅದು ಅವರದೇ ಕೋಟಿನ ಜೇಬಿನಲ್ಲಿತ್ತು ಎಂಬುದು ಪತ್ತೆಯಾದದ್ದು ಆಕೆ ನಾಲ್ಕು ಕಪಾಟು ಜಾಲಾಡಿದ ಮೇಲೆ. ಉಳಿದ ಅವಧಿಗಳಲ್ಲಿ ಆಕೆ ಕೂತು ಕೇಳಿದಳು, ನೋಟುಪುಸ್ತಕದಲ್ಲಿ ಒಂದೊಂದು ಮಾತನ್ನೂ ಗುಂಡಗೆ ಬರೆದುಕೊಂಡಳು, ಅತ್ತೆಗೆ ಒಪ್ಪಿಸಿದಳು. ಆ ಸಂಜೆಗಳಲ್ಲಿ ಆಕೆಯ ಮುಖ ನೋಡಿದವರು ವಯಸ್ಸು ಹತ್ತು ವರ್ಷ ಕಡಿಮೆ ಹೇಳುತ್ತಿದ್ದರು.

ತಂಡದಲ್ಲಿ ಒಬ್ಬ ಗಣಿತದ ಮೇಷ್ಟ್ರಿದ್ದ. ತೆಳ್ಳಗೆ, ಸಂಕೋಚದ ಪ್ರಾಣಿ. ಶುಕ್ರವಾರ ಬೆಳಿಗ್ಗೆ, ಅಂದರೆ ಕೊನೆಯ ದಿನ, ಕಚೇರಿಗೆ ಬಂದು ಆಕೆಯ ಮೇಜಿನ ಮುಂದೆ ನಿಂತ. ಅವನದು ಮೂರು ಅವಧಿ ತಪ್ಪಿತ್ತು.

“ಮೇಡಂ, ನಮ್ಮ ವಿಭಾಗದ ಮುಖ್ಯಸ್ಥರು ಪರೀಕ್ಷೆ ಕೆಲಸ ಇದೆ ಅಂತ ಮೂರು ಸಲ ಫೋನ್ ಮಾಡಿ ಕರೆಸ್ಕೊಂಡ್ರು. ನಾನೇನು ತಿರುಗಾಡೋಕೆ ಹೋಗಿರ್ಲಿಲ್ಲ.”

“ಬರೋಕಾಗಲ್ಲ ಅನ್ಬೇಕಿತ್ತು ನೀವು.”

“ಅವರಿಗೆ ಹಾಗೆ ಹೇಗೆ ಹೇಳೋದು ಮೇಡಂ?”

“ಅದು ನಿಮಗೆ ಬಿಟ್ಟದ್ದು. ಪುಸ್ತಕ ಏನು ಹೇಳುತ್ತೋ ಅದು.”

ಮೇಷ್ಟ್ರ ಮುಖ ಸಣ್ಣದಾಯಿತು. ಹೋಗಿ ಹಿಂದಿನ ಸಾಲಿನಲ್ಲಿ ಕೂತ, ಉಳಿದ ಪಾಠ ಕೇಳಿಸಿಕೊಳ್ಳಲು. ಬೇರೆಯವರಾಗಿದ್ದರೆ ಆ ಕ್ಷಣವೇ ಬಸ್ಸು ಹತ್ತುತ್ತಿದ್ದರು.

ಮಧ್ಯಾಹ್ನ ಮೂರಕ್ಕೆ ಪಾಠಗಳೆಲ್ಲ ಮುಗಿದವು. ನಾಲ್ಕಕ್ಕೆ ಸಮಾರೋಪ. ಆಕೆ ಕಚೇರಿಯಲ್ಲಿ ಕೂತು ಪ್ರಮಾಣಪತ್ರಗಳನ್ನು ಹಾಜರಿ ಪುಸ್ತಕಕ್ಕೆ ತಾಳೆ ನೋಡತೊಡಗಿದಳು. ಆ ಪುಸ್ತಕದ ಪುಟಕ್ಕೆ ನಲವತ್ತು ಸಾಲು. ಪ್ರತಿ ದಿನ ಸಂಜೆ ಪುಟದ ಕೊನೆಯವರೆಗೆ ಕೂಡಿ ಸಹಿ ಮಾಡಿ ಮುಚ್ಚಿಡುವುದು ಇಪ್ಪತ್ತೆರಡು ವರ್ಷದ ರೂಢಿ. ಈ ಸಲವೂ ಹಾಗೇ ಮಾಡಿದ್ದಳು. ಮೊದಲ ದಿನ ನಲವತ್ತೊಂದನೆಯ ಹೆಸರು ಬರೆಯಲು ಜಾಗವಿಲ್ಲದೆ ಹಾಳೆ ತಿರುವಿ ಹೊಸ ಪುಟದ ತಲೆಯಲ್ಲಿ ಬರೆದಿದ್ದಳು; ಆ ಪುಟವನ್ನು ಒಂದು ದಿನವೂ ಕೂಡಿ ನೋಡಿಲ್ಲ ಎಂಬುದು ಆಕೆಗೆ ಈಗ ನೆನಪಾಯಿತು. ತಿರುವಿದಳು.

ಇಡೀ ಪುಟದಲ್ಲಿ ಒಂದೇ ಹೆಸರು, ಆಕೆಯದು. ಬಂದ ಸಹಿ ಹತ್ತು ಇದ್ದವು. ಹೋಗುವ ಸಹಿ ಏಳು.

ಬೆರಳಿಟ್ಟು ಎಣಿಸಿದಳು. ಮತ್ತೆ ಎಣಿಸಿದಳು. ಐದು ದಿನ ನಲವತ್ತು ಜನರ ಹಾಜರಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದವಳಿಗೆ ತನ್ನದನ್ನು ನೋಡಿಕೊಳ್ಳಬೇಕು ಎಂಬುದೇ ಹೊಳೆದಿರಲಿಲ್ಲ. ಎದ್ದು ಹೋದದ್ದು ಕಚೇರಿ ಕೆಲಸಕ್ಕಲ್ಲವೇ, ಕಟ್ಟಡದೊಳಗೇ ಇದ್ದೆನಲ್ಲ ಎಂದು ಎಲ್ಲೋ ಮನಸ್ಸಿನ ಮೂಲೆಯಲ್ಲಿ ಅಂದುಕೊಂಡಿರಬೇಕು. ಪುಸ್ತಕ ಹಾಗೆ ಅಂದುಕೊಳ್ಳುವುದಿಲ್ಲ.

ನಿರ್ದೇಶಕರ ಕೋಣೆಗೆ ಹೋಗಿ ಪುಸ್ತಕ ತೆರೆದಿಟ್ಟಳು. ಅವರು ನೋಡಿದರು, ನಕ್ಕರು.

“ಇಷ್ಟೇನಾ? ಪುಸ್ತಕ ನಿಮ್ಮದು, ಪೆನ್ನು ನಿಮ್ಮದು. ಮೂರು ಸಹಿ ಹಾಕ್ಬಿಡಿ, ಅದಕ್ಕೇನು ಯೋಚನೆ?”

ಆಕೆ ಪೆನ್ನು ತೆಗೆದಳು. ಸುಳ್ಳು ಯಾಕೆ ಹೇಳಲಿ, ಹಾಕುವುದೆಂದೇ ತೆಗೆದಳು. ಆ ಕುರ್ಚಿ ಆಕೆಗೆ ಬೇಕಿತ್ತು. ಯಾರೋ ಕರೆದಲ್ಲಿಗೆ ಓಡುವ ಕೆಲಸ ಬಿಟ್ಟು, ಕೊನೆಯ ನಾಲ್ಕು ವರ್ಷವಾದರೂ ತನ್ನದೇ ಒಂದು ಮೇಜಿನ ಹಿಂದೆ ಕೂರುವ ಆಸೆ ಇತ್ತು. ಪೆನ್ನಿನ ಮೊನೆ ಮೊದಲ ಖಾಲಿ ಚೌಕದ ಮೇಲೆ ಬಂದು ನಿಂತಿತು. ತೆರೆದ ಕಿಟಕಿಯಾಚೆ ಪಡಸಾಲೆಯಲ್ಲಿ ಗಣಿತದ ಮೇಷ್ಟ್ರು ಗೋಡೆಗೆ ಕಾಗದ ಒತ್ತಿಟ್ಟುಕೊಂಡು ಏನೋ ಬರೆಯುತ್ತಿದ್ದ. ತರಬೇತಿ ಹೇಗಿತ್ತು ಎಂಬ ಅಭಿಪ್ರಾಯ ಪತ್ರ. ಪ್ರಮಾಣಪತ್ರ ಸಿಗುವವರೆಲ್ಲ ‘ಉತ್ತಮ, ಉತ್ತಮ, ಉತ್ತಮ’ ಎಂದು ಗೀಚಿ ಎಸೆದು ಹೋಗಿದ್ದರು. ಸಿಗದವನು ಯೋಚಿಸಿ ಯೋಚಿಸಿ ಬರೆಯುತ್ತಿದ್ದ.

ಆಕೆ ನೀಲಿ ಪೆನ್ನು ಮುಚ್ಚಿದಳು. ಕೆಂಪು ಪೆನ್ನು ತೆಗೆದು ತನ್ನ ಹೆಸರಿನ ಮುಂದೆ ಮೂರು ಗೆರೆ ಎಳೆದಳು. ಗೆರೆಗಳು ಸೊಟ್ಟಗಾದವು.

“ಏನ್ರೀ ಮಾಡಿದ್ರಿ!” ನಿರ್ದೇಶಕರು ಎದ್ದೇ ನಿಂತರು. “ತಿಂಗಳ ಕೊನೆಗೆ ಇನ್ನೊಂದು ವಾರಾನೂ ಇಲ್ಲ. ನಿಮ್ಮ ಅನ್ನಕ್ಕೆ ನೀವೇ ಮಣ್ಣು ಹಾಕ್ಕೊಂಡ್ರಲ್ಲ! ಅಷ್ಟಕ್ಕೂ ಈ ಮೂರು ಸಲ ಎದ್ದು ಹೋಗಿದ್ದಾದ್ರೂ ಯಾಕೆ ನೀವು?”

“ನೀವು ಕರೆದ್ರಿ ಸಾರ್.”

“ಮೂರು ಸಲಾನೂ?”

“ಎರಡು ಸಲ ಕರೆದ್ರಿ. ಒಂದು ಸಲ ನಿಮ್ಮ ಅವಸ್ಥೆ ನೋಡಿ ನಾನೇ ಬಂದೆ.”

ನಿರ್ದೇಶಕರು ಮತ್ತೆ ಕುರ್ಚಿಯಲ್ಲಿ ಕೂತರು. ಆಮೇಲೆ ಮೆಲ್ಲಗೆ ಅಂದರು: “ಬರೋಕಾಗಲ್ಲ ಅನ್ಬೇಕಿತ್ತು ನೀವು.”

ತಾನು ಬೆಳಿಗ್ಗೆ ಆಡಿದ ಮಾತು, ಒಂದಕ್ಷರ ಆಚೀಚೆಯಿಲ್ಲದೆ. ಆಕೆಗೆ ನಗು ಬಂತು, ನಗುತ್ತಿದ್ದ ಹಾಗೇ ಕಣ್ಣು ತುಂಬಿತು. ಇಪ್ಪತ್ತೆರಡು ವರ್ಷ ತನ್ನ ಮೇಜಿನ ಮುಂದೆ ನಿಂತು ಹೋದವರ ಮುಖಗಳು ಒಂದರ ಹಿಂದೆ ಒಂದು ಬಂದವು. ಅವರಲ್ಲಿ ಎಷ್ಟು ಜನ ಸುಳ್ಳರೋ ಗೊತ್ತಿಲ್ಲ. ಬರೋಕಾಗಲ್ಲ ಎನ್ನಲು ಬಾಯಿ ಬಾರದವರು ಎಷ್ಟು ಜನ ಎಂದು ಆಕೆ ಒಂದು ದಿನವೂ ಕೇಳಿರಲಿಲ್ಲ. ನಿಯಮ ತಪ್ಪೆಂದು ಆಕೆಗೆ ಈಗಲೂ ಅನ್ನಿಸಲಿಲ್ಲ. ತನ್ನ ದನಿ ತಪ್ಪಿತ್ತು ಅನ್ನಿಸಿತು.

ಪಡಸಾಲೆಗೆ ಹೋಗಿ ಮೇಷ್ಟ್ರ ಮುಂದೆ ನಿಂತಳು.

“ನಿಮಗೂ ಇಲ್ಲ, ನಂಗೂ ಇಲ್ಲ ಮೇಷ್ಟ್ರೇ. ನಂದೂ ಮೂರು ತಪ್ಪಿದೆ.”

ಮೇಷ್ಟ್ರು ಪೆನ್ನು ಹಿಡಿದ ಹಾಗೇ ನೋಡಿದ. “ನಿಮ್ಮದಾ? ನಿಮ್ಮದು ಯಾರು ನೋಡ್ತಾರೆ ಮೇಡಂ?”

“ನಾನೇ ನೋಡ್ಬೇಕಲ್ಲ. ಬೆಳಿಗ್ಗೆ ನಿಮಗೆ ಹಾಗೆ ಹೇಳ್ಬಾರ್ದಿತ್ತು. ಕರೆದವರಿಗೆ ಇಲ್ಲ ಅನ್ನೋದು ಎಷ್ಟು ಕಷ್ಟ ಅಂತ ನಂಗೆ ಗೊತ್ತಿರ್ಬೇಕಿತ್ತು. ಮುಂದಿನ ತಂಡಕ್ಕೆ ನಿಮ್ಮ ಹೆಸರು ಮೊದಲು ಹಾಕ್ತೀನಿ. ನಿಮ್ಮ ಮುಖ್ಯಸ್ಥರಿಗೂ ಒಂದು ಪತ್ರ ಬರೆಸ್ತೀನಿ, ಆ ಐದು ದಿನ ಕರೀಬೇಡಿ ಅಂತ.”

ನಿರ್ದೇಶಕರು ಸುಮ್ಮನೆ ಕೂರಲಿಲ್ಲ, ಅದನ್ನು ಹೇಳಲೇಬೇಕು. ಸೋಮವಾರ ತಾವೇ ಕೂತು, ಟೈಪು ಮಾಡಲು ಆಕೆಯನ್ನು ಕರೆಯದೆ, ಕೈಬರಹದಲ್ಲಿ ಕುಲಸಚಿವರಿಗೆ ಪತ್ರ ಬರೆದರು. ಈ ಗುಮಾಸ್ತೆ ತರಬೇತಿ ತಪ್ಪಿಸಿಕೊಂಡಿಲ್ಲ, ನಾನು ತಪ್ಪಿಸಿದೆ, ತಪ್ಪು ನನ್ನದು, ಒಂದು ತಂಡದ ಮಟ್ಟಿಗೆ ಗಡುವು ಮುಂದೂಡಬೇಕು ಎಂದು. ತಪ್ಪು ನನ್ನದು ಎಂದು ಒಬ್ಬ ನಿರ್ದೇಶಕರು ಸಹಿ ಮಾಡಿ ಕಳಿಸಿದ್ದು ಆ ವಿಶ್ವವಿದ್ಯಾಲಯದ ಕಡತಗಳಲ್ಲಿ ಅದೊಂದೇ ಇರಬೇಕು.

ನಾಲ್ಕು ದಿನಕ್ಕೆ ಉತ್ತರ ಬಂತು. ‘ನಿಯಮ ಸಡಿಲಿಸಲು ಅವಕಾಶವಿರುವುದಿಲ್ಲ.’ ಒಂದೇ ಸಾಲು. ಆ ಸಾಲನ್ನು ಆಕೆ ಸ್ವತಃ ಎಷ್ಟೋ ಜನಕ್ಕೆ ಟೈಪು ಮಾಡಿ ಕಳಿಸಿದ್ದಳು. ಲಕೋಟೆ ತೆರೆದು ಓದಿ, ದಿನಾಂಕದ ಮುದ್ರೆ ಒತ್ತಿ, ಕಡತಕ್ಕೆ ಸೇರಿಸಿದಳು. ಆಮೇಲೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಹಿಂದಿನ ವರ್ಷವೇ ಬೇರೆ ಕಡೆ ತರಬೇತಿ ಮುಗಿಸಿ ಪ್ರಮಾಣಪತ್ರ ಇಟ್ಟುಕೊಂಡಿದ್ದ ಉಗ್ರಾಣದ ಗುಮಾಸ್ತ ಸೂಪರಿಂಟೆಂಡೆಂಟ್ ಆದ. ಆಕೆಗಿಂತ ಒಂಬತ್ತು ವರ್ಷ ಚಿಕ್ಕವನು. ಒಳ್ಳೆಯ ಹುಡುಗನೇ, ಮೊದಲ ದಿನ ಆ ಕುರ್ಚಿಯಲ್ಲಿ ಕೂರಲು ಮುಜುಗರಪಟ್ಟು “ಅಕ್ಕಾ, ನೀವೇನೂ ಅಂದ್ಕೋಬೇಡಿ” ಎಂದ. “ಕೂತ್ಕೊಳ್ಳೋ, ಕುರ್ಚಿ ಇರೋದೇ ಕೂರೋಕೆ” ಎಂದಳು. ಮನೆಗೆ ಬಂದು ಅತ್ತೆಯ ಮಂಚದ ಅಂಚಿನಲ್ಲಿ ಕೂತು ಅತ್ತಳು. ಅತ್ತೆ ಬೆನ್ನ ಮೇಲೆ ಕೈಯಿಟ್ಟು, ಅಳು ಮುಗಿಯುವವರೆಗೆ ತೆಗೆಯಲಿಲ್ಲ.

ಎರಡು ತಿಂಗಳ ನಂತರದ ತಂಡಕ್ಕೆ ಪಟ್ಟಿ ತಯಾರಾಯಿತು. ಮೊದಲ ಹೆಸರು ಗಣಿತದ ಮೇಷ್ಟ್ರದು. ಕೊನೆಯ ಹೆಸರು ನೋಡಿ ನಿರ್ದೇಶಕರು ತಲೆಯೆತ್ತಿದರು.

“ಇನ್ನು ಯಾಕ್ರೀ ನಿಮಗಿದು? ಆ ಹುದ್ದೆ ಹೋಯ್ತಲ್ಲ.”

“ಹುದ್ದೆ ಹೋಯ್ತು ಸಾರ್. ಕೂತು ಕೇಳ್ಬೇಕು ಅನ್ನೋದು ಹೋಗಿಲ್ಲ.”

ಈ ಸಲ ಹಾಜರಿ ಪುಸ್ತಕವನ್ನು ಹೊಸ ಸೂಪರಿಂಟೆಂಡೆಂಟಿಗೆ ಒಪ್ಪಿಸಿದಳು. ಮೊದಲ ದಿನ ಬೆಳಿಗ್ಗೆ ಅವನು ಪಟ್ಟಿ ಕೂಗಿ, ಹತ್ತು ನಿಮಿಷ ಕಾದು, ಆಚೆ ಹೋದ. ಪಾಠಕ್ಕೆ ಬಂದವರು ಗಡ್ಡದ ಮನೋವಿಜ್ಞಾನದ ಪ್ರಾಧ್ಯಾಪಕರು. ಭಾಷಣ ಮಾಡದೆ ಒಬ್ಬೊಬ್ಬರನ್ನೇ ಎಬ್ಬಿಸಿ ಮಾತಾಡಿಸುವ ಅಭ್ಯಾಸ ಅವರದು. ‘ನಿಮ್ಮ ಕೆಲಸದಲ್ಲಿ ನೀವು ಬದಲಾಯಿಸಿಕೊಂಡ ಒಂದು ಸಂಗತಿ’ ಎಂಬುದು ಪ್ರಶ್ನೆ. ಅಧ್ಯಾಪಕರು ದೊಡ್ಡ ದೊಡ್ಡ ಮಾತು ಆಡಿದರು. ಆಕೆಯ ಸರದಿ ಬಂದಾಗ ಎದ್ದು ನಿಂತಳು. ಮಾತು ಹುಡುಕಿ ಹುಡುಕಿ ಶುರುಮಾಡಿದಳು.

“ನಾನು ಪಾಠ ಮಾಡೋಳಲ್ಲ. ಹಾಜರಿ ತಗೊಳ್ಳೋಳು. ಯಾರಾದ್ರೂ ಬರ್ಲಿಲ್ಲ ಅಂದ್ರೆ ಗೆರೆ ಎಳೀತಿದ್ದೆ. ಈಗ್ಲೂ ಎಳೀತೀನಿ. ಆದ್ರೆ ಎಳೆಯೋಕೆ ಮುಂಚೆ, ನಿಮ್ಮನ್ನ ಯಾರು ಕರೆದ್ರು ಅಂತ…”

ಬಾಗಿಲು ತೆರೆಯಿತು. “ರೀ, ಒಂದು ನಿಮಿಷ ಬನ್ನಿ,” ಎಂದರು ನಿರ್ದೇಶಕರು, ಕೈಯಲ್ಲಿ ಯಾವುದೋ ಕಾಗದ ಹಿಡಿದು, ಸಭಾಂಗಣದ ಕಡೆ ಸರಿಯಾಗಿ ನೋಡದೆ.

ಆಕೆಯ ಕಾಲು ತನ್ನಷ್ಟಕ್ಕೆ ತಾನೇ ಒಂದು ಹೆಜ್ಜೆ ಇಟ್ಟಿತು. ಇಟ್ಟ ಹೆಜ್ಜೆಯನ್ನು ಹಿಂದಕ್ಕೆಳೆದುಕೊಂಡು ಮುಂದಿನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಳು. ನಲವತ್ತು ತಲೆಗಳು ಆಕೆಯತ್ತ ತಿರುಗಿದ್ದವು.

“ಬರೋಕಾಗಲ್ಲ ಸಾರ್. ನಾನು ಮಾತಾಡ್ತಾ ಇದೀನಿ.”